ತಗಚೆ ಉಳಿಸುತ್ತಿದ್ದ ಮಾಲಿ

ಚಿಂತಾಮಣಿಯ ನಮ್ಮ ಕಾಲೇಜಿನ ಮಾಲಿ ಕಳೆ ಕೀಳಲು ಕೂತರೆ ಅರ್ಧ ಕಳೆ ಹಾಗೇ ಉಳಿಯುತ್ತಿತ್ತು. ಸೋಮಾರಿತನವೆಂದೇ ನಾವೆಲ್ಲ ನಂಬಿದ್ದೆವು. ಕಾಂಪೌಂಡಿನುದ್ದಕ್ಕೂ ಬೆಳೆದಿದ್ದ ಹಳದಿ ಹೂವಿನ ತಗಚೆಯನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಕೇಳಿದರೆ, ಬೆರಳಲ್ಲಿ ಎಲೆ ಸರಿಸಿ ಬುಡ ತೋರಿಸಿ, "ಇರ್ಲಿ ಬಿಡಪ್ಪ, ಜಾಗ ಹಿಡ್ಕೊಂಡೈತೆ" ಎನ್ನುತ್ತಿದ್ದರು. ತಗಚೆ ಒತ್ತಾಗಿರುವ ಕಡೆ ಪಾರ್ಥೇನಿಯಂ ಏಳುವುದಿಲ್ಲ ಎಂಬುದು ಅವರ ಅನುಭವ. ಪಾರ್ಥೇನಿಯಂ ಹೂಬಿಟ್ಟರೆ ಅವರಿಗೆ ಉಬ್ಬಸ.

ಒಮ್ಮೆ ಕಾಲೇಜು ನೋಡಲು ಮೇಲಿನವರು ಬರುವವರಿದ್ದರು. ಸ್ವಚ್ಛತೆಯ ಹೊಣೆ ಸಸ್ಯಶಾಸ್ತ್ರದ ಮೇಷ್ಟ್ರದು. ಗಿಡಗಳ ನಡುವಿನ ಪೈಪೋಟಿಯ ಬಗ್ಗೆ ನಮಗೆ ಪಾಠ ಮಾಡುತ್ತಿದ್ದವರೂ ಅವರೇ. ತಗಚೆಯನ್ನೆಲ್ಲ ಬೇರುಸಮೇತ ಕೀಳಬೇಕೆಂದರು.

"ಬ್ಯಾಡ ಸಾರ್, ಇದನ್ನ ಕಿತ್ರೆ ಅದು ಬರ್ತೈತೆ" ಎಂದು ಮಾಲಿ ಕೈಮುಗಿದರು.

"ನನಗೇ ಪಾಠ ಹೇಳ್ಕೊಡ್ತೀಯೇನಪ್ಪ?"

ನೆಲ ನುಣ್ಣಗಾಯಿತು. ಮೇಲಿನವರು ಬಂದು, ಮೆಚ್ಚಿ, ಫೋಟೊ ತೆಗೆಸಿಕೊಂಡು ಹೋದರು.

ಮಳೆಗಾಲ ಮುಗಿಯುವಷ್ಟರಲ್ಲಿ ಕಾಂಪೌಂಡು ಪೂರ್ತಿ ಪಾರ್ಥೇನಿಯಂ ಹೂವಿನಿಂದ ಬೆಳ್ಳಗಾಯಿತು. ಮೇಷ್ಟ್ರು ತರಗತಿಯನ್ನು ಅಲ್ಲಿಗೇ ಕರೆದೊಯ್ದು, "ನೋಡಿ, ಪೈಪೋಟಿಯಲ್ಲಿ ಎಲ್ಲವನ್ನೂ ಸೋಲಿಸಿದ ಗಿಡ" ಎಂದು ಹೆಮ್ಮೆಯಿಂದ ತೋರಿಸಿದರು.

ಮೂಗಿಗೆ ಟವೆಲ್ ಕಟ್ಟಿಕೊಂಡು ಅದನ್ನೇ ಕೀಳುತ್ತಿದ್ದ ಮಾಲಿ, ಕೆಮ್ಮು ನಿಲ್ಲುವವರೆಗೆ ಕಾದು, "ಎಲ್ಲಿ ಸೋಲಿಸ್ತು ಸಾರ್? ಎದುರಿಗಿದ್ದಿದ್ದನ್ನ ನೀವೇ ಕಿತ್ತಾಕ್ಸಿದ್ರಲ್ಲ" ಎಂದರು.

ಮೇಷ್ಟ್ರು ಹೇಳಿದ್ದನ್ನು ನಾವು ಬರೆದುಕೊಂಡೆವು. ಮಾಲಿ ಜೇಬಿನಿಂದ ಇನ್‌ಹೇಲರ್ ತೆಗೆದು ಎರಡು ಸಲ ಎಳೆದು, ಮುಂದಿನ ಗಿಡಕ್ಕೆ ಕೈಹಾಕಿದರು.