ವಿನೆಗರ್ ಊರಿನಲ್ಲಿ ಮೂಗು ಕಳೆದುಕೊಂಡವನು

ನಮ್ಮ ಚಿಂಗ್‌ಶೂ ಊರಿನಲ್ಲಿ ಮನೆಮನೆಗೂ ವಿನೆಗರ್ ಜಾಡಿ. ಪಕ್ಕದ ಮನೆಯ ತ್ಸೈಪಿಂಗ್ ಹುಳಿ ಬರಿಸಿದ ವಿನೆಗರ್ ಮಾರಾಟಕ್ಕೆ ಹೋಗಬೇಕಾದರೆ ಅವಳ ಗಂಡ ಯಾನ್ ಫೂಶೆಂಗ್‌ನ ಮೂಗಿನ ಒಪ್ಪಿಗೆ ಬೇಕಿತ್ತು. ಒಮ್ಮೆ ಮೂಸಿದರೆ ಎಷ್ಟು ವರ್ಷದ್ದೆಂದು ಹೇಳಿಬಿಡುತ್ತಿದ್ದ. ತಪ್ಪಿದ್ದನ್ನು ನಾನು ಕಾಣೆ.

ಅವನ ಸ್ವಂತ ಕಸುಬು ಹಳೇ ನಾಣ್ಯ ತೊಳೆಯುವುದು. ನಡುವೆ ಚೌಕ ತೂತಿರುವ ಕಂಚಿನ ಕಾಸುಗಳು. ಅವುಗಳ ಮೇಲಿನ ಅಂಟು, ವಾರ್ನಿಷ್ ಬಿಡಿಸಲು ಬಟ್ಟಲಿಗೆ ಥಿನ್ನರ್ ಸುರಿದು, ಅದು ಗಾಳಿಗೆ ಆರಿಹೋಗದಿರಲೆಂದು ಕಿಟಕಿ ಮುಚ್ಚಿ, ಮೇಲೆ ಬಗ್ಗಿ ಕೂರುತ್ತಿದ್ದ.

"ಕಿಟಕಿ ತೆಗಿಯಣ್ಣಾ, ನಂಗೇ ತಲೆ ಸುತ್ತುತ್ತೆ," ಎಂದೆ ಒಮ್ಮೆ.

"ನಿನ್ನ ತಲೇನೇ ಹಗುರ, ತಂಗಿ. ನಲವತ್ತು ವರ್ಷದ ಕೈ ಇದು. ಥಿನ್ನರ್‌ಗೇ ನನ್ನ ಕಂಡ್ರೆ ಭಯ!"

ಕೆಲಸ ಬಲು ಚೊಕ್ಕ, ಜಂಬ ಅದಕ್ಕಿಂತ ಜಾಸ್ತಿ.

ಆ ಚಳಿಗಾಲ ಅವನು ಒಪ್ಪಿ ಕಳಿಸಿದ ಎರಡು ಜಾಡಿ, ಬೂಷ್ಟು ವಾಸನೆ ಎಂದು ವಾಪಸು ಬಂದವು. ತ್ಸೈಪಿಂಗ್ ಜಗಳಕ್ಕೆ ಹೋಗಲಿಲ್ಲ. ಹೊಸ ಜಾಡಿಗೆ ಏನನ್ನೋ ಸುರಿದು ಗಂಡನ ಮೂಗಿಗೆ ಹಿಡಿದಳು.

"ಐದು ವರ್ಷದ್ದು. ಧೈರ್ಯವಾಗಿ ಮಾರು," ಎಂದ.

"ಚಹಾ ಕಣೋ ಮುದುಕಾ. ಬರೀ ಚಹಾ."

ಅವನು ಜಾಡಿ ಕಸಿದು ಮತ್ತೆ ಮತ್ತೆ ಮೂಸಿದ.

ಥಿನ್ನರ್ ಆವಿ ಕುಡಿದು ಮೂಗು ಸತ್ತಿದೆ, ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಸುಮ್ಮನೆಯೇ? ಮರುದಿನವೇ ಥಿನ್ನರ್ ಡಬ್ಬಿ ಬಾಗಿಲಿಗೆ ಬಣ್ಣ ಬಳಿಯುವವನ ಪಾಲಾಯಿತು. ಫೂಶೆಂಗ್ ಅಂಗಳದಲ್ಲಿ ಕೂತು, ಕಾಸನ್ನು ನೀರಲ್ಲಿ ನೆನೆಹಾಕಿ ಬೋರೆ ಮುಳ್ಳಿನಿಂದ ಕೆದಕತೊಡಗಿದ. ಒಂದೊಂದಕ್ಕೂ ಹತ್ತು ದಿನ. ಗಿರಾಕಿಗಳು ಗೊಣಗಿದರೆ, "ಸಾವಿರ ವರ್ಷ ಮಣ್ಣಲ್ಲಿ ಕಾದ ಕಾಸು, ನೀನು ಹತ್ತು ದಿನ ಕಾಯಕ್ಕಾಗಲ್ವಾ?" ಎನ್ನುತ್ತಿದ್ದ. ಜಂಬ ಮಾತ್ರ ಯಾವ ಆವಿಗೂ ಸತ್ತಿರಲಿಲ್ಲ.

ದಿನಾ ಬೆಳಿಗ್ಗೆ ತ್ಸೈಪಿಂಗ್ ಅವನ ಮೂಗಿಗೆ ವಿನೆಗರ್ ಜಾಡಿ ಹಿಡಿಯುವಳು. ಅವನು ತಲೆಯಾಡಿಸುವನು, ಇಲ್ಲವೆಂದು. ಅವಳು ಜಾಡಿ ಮುಚ್ಚಿ ಒಳಗೆ ಹೋಗುವಳು.

ವಸಂತ ಬಂತು. ನಾನೂ ತ್ಸೈಪಿಂಗೂ ಒಲೆಯ ಮೇಲೆ ಗಂಜಿ ಇಟ್ಟು, ಅವಳ ಅಡುಗೆಮನೆ ಬಾಗಿಲಲ್ಲಿ ಕೂತು ಅವರೆ ಬಿಡಿಸುತ್ತಾ ಹರಟುತ್ತಿದ್ದೆವು. ಅಂಗಳದಿಂದ ಫೂಶೆಂಗ್ ಕಿರುಚಿದ.

"ಏಯ್, ಮಾತಿನ ಮಲ್ಲಿಯರಾ! ಗಂಜಿ ತಳ ಹಿಡೀತಿದೆ! ಸೀದ ವಾಸನೆ ಇಲ್ಲೀತನಕ ಬರ್ತಿದೆ!"

ನಾನು ಒಲೆಯತ್ತ ಓಡಲು ಎದ್ದೆ. ತ್ಸೈಪಿಂಗ್ ನನ್ನ ಕೈ ಹಿಡಿದು ಕೂರಿಸಿದಳು. ಅವಳ ಕಣ್ಣು ತುಂಬಿತ್ತು.

"ಇರು," ಅಂದಳು. "ಇನ್ನೊಂಚೂರು ಸೀಯ್ಲಿ."