ಬೋರ್ಡಿನ ಎರಡೂ ತುದಿಯಿಂದ ಬರೆಯುತ್ತಿದ್ದ ಮೇಷ್ಟ್ರು

ರಹೀಂ ಮೇಷ್ಟ್ರು ಬೋರ್ಡಿನ ಎಡತುದಿಯಿಂದ ಒಂದು ಸಾಲು ಹಿಂದಿ ಬರೆಯುತ್ತಿದ್ದರು. ಆಮೇಲೆ ಬಲತುದಿಗೆ ನಡೆದುಹೋಗಿ, ಅದೇ ಸಾಲನ್ನು ಅಲ್ಲಿಂದ ಎಡಕ್ಕೆ ಉರ್ದುವಿನಲ್ಲಿ ಬರೆಯುತ್ತಿದ್ದರು. ಎರಡನ್ನೂ ಗಟ್ಟಿಯಾಗಿ ಓದಿದರೆ ಒಂದೇ ಮಾತು.

"ಕಣ್ಣಿಗೆ ಎರಡು, ಕಿವಿಗೆ ಒಂದು ಕಣ್ರಲಾ. ಸಂತೇಲಿ ಹಿಂದಿಯವ್ನು, ಉರ್ದುವವ್ನು ಇಬ್ರೂ ಒಂದೇ ತರ ಚೌಕಾಸಿ ಮಾಡ್ತಾರೆ. ಮೈಕ್ ಮುಂದೆ ನಿಂತಾಗ್ಲೇ ಒಬ್ಬ ಸಂಸ್ಕೃತದ ಪಂಚೆ ಉಡ್ತಾನೆ, ಇನ್ನೊಬ್ಬ ಪಾರಸಿ ಶೇರ್ವಾನಿ ತೊಡ್ತಾನೆ. ಒಳಗಿರೋ ಮೈ ಒಂದೇ."

ದರ್ಜಿಯ ಮಾತು. ವಾರವೆಲ್ಲ ತಾಳವಾಡಿಯಲ್ಲಿ ಬಟ್ಟೆ ಹೊಲಿದು, ಭಾನುವಾರ ಸೈಕಲ್ ತುಳಿದು ದೊಡ್ಡಗಾಜನೂರಿಗೆ ಬರುತ್ತಿದ್ದರು. ನಮ್ಮೂರು ತಮಿಳುನಾಡಿಗೆ ಸೇರಿದ್ದು, ಶಾಲೆಯಲ್ಲಿ ಹಿಂದಿ ಇರಲಿಲ್ಲ. ಮಿಲಿಟರಿ ಸೇರುವ ಹುಚ್ಚು ಹತ್ತಿದ್ದ ನಾವು ಎಂಟು ಜನ ಯುವಕ ಸಂಘದ ಕೋಣೆಯಲ್ಲಿ ಹಿಂದಿ ಪರೀಕ್ಷೆಗೆ ಓದುತ್ತಿದ್ದೆವು. 'ಅಳ್ಳಿ', 'ಒಲ' ಎಂದು ಬೆಳೆದ ನಾಲಗೆಯಿಂದ ಹಿಂದಿಯ 'ಹೈ' ಹೊರಡುತ್ತಿರಲಿಲ್ಲ.

"ಐ ಅಲ್ಲ ಕಣ್ಲಾ, ಹೈ! ಬೀಡಿ ಹೊಗೆ ಬಿಡಕ್ಕೆ ಉಸುರಿದೆ, ಇದಕ್ಕಿಲ್ವಾ?"

ಈ ಬೈಗುಳವನ್ನು ಅವರಿಗಿಂತ ಚೆನ್ನಾಗಿ ಬೈಯುತ್ತಿದ್ದವನು ನಾನು. ಊರಿನ ಯಾರ ದನಿಯೂ ನನ್ನ ಗಂಟಲಿನಿಂದ ತಪ್ಪಿಸಿಕೊಂಡಿಲ್ಲ. ಬೇರೆ ಯಾರೂ ಸಿಗದಿದ್ದರೆ ನನ್ನ ಸೊಟ್ಟ ನಡಿಗೆಯನ್ನೇ ಆಡಿ ತೋರಿಸುತ್ತಿದ್ದೆ. ಸಂಘದ ವಾರ್ಷಿಕೋತ್ಸವದಲ್ಲಿ ಮೇಷ್ಟ್ರನ್ನೇ ಆಡಿ ತೋರಿಸಿದೆ. ಎಡದಿಂದ ಗೀಚಿದೆ, ಬಲಕ್ಕೆ ಓಡಿದೆ, ಅಲ್ಲಿಂದ ಗೀಚಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ಕಣ್ಣೊರೆಸಿಕೊಂಡು ನಕ್ಕರು. ನಗದವರು ಒಬ್ಬರೇ, ಸಂಘದ ಅಧ್ಯಕ್ಷ ಮಾದಪ್ಪ.

ಮುಂದಿನ ಭಾನುವಾರ ಪಾಠದ ನಡುವೆ ಮಾದಪ್ಪ ಬೀಗ ಹಿಡಿದೇ ಬಂದರು.

"ಏನಯ್ಯಾ ರಯೀಂ, ಇಂದಿ ಎಸ್ರಲ್ಲಿ ನಿಮ್ ಉರ್ದು ಕಲುಸ್ತಿದ್ದೀಯಂತೆ?"

"ಯಾರು ಹೇಳಿದ್ದು?"

"ಇವ್ನೇ ಊರ್ ಮುಂದೆ ಆಡಿ ತೋರುಸ್ನಲ್ಲಾ!" ಬೆರಳು ನನ್ನ ಕಡೆಗಿತ್ತು.

ಮೇಷ್ಟ್ರು ಬೋರ್ಡಿನ ಎರಡೂ ಸಾಲು ಓದಿದರು. "ಒಂದೇ ಮಾತಲ್ವಾ? ನಿಮ್ಮ ಕಿವಿನೇ ಕೇಳಿ."

"ನಂಗೆ ಇಂದಿ ಬರಾಕಿಲ್ಲ. ಆದ್ರೆ ಇದು ಇಂದಿ ಅಲ್ಲ ಅಂತ ಗೊತ್ತಾಯ್ತದೆ."

ಎರಡರಲ್ಲಿ ಒಂದಕ್ಷರವೂ ಬಾರದವರು ಎರಡರ ನಡುವೆ ಗಡಿ ಹಾಕಿದರು! ತಮಿಳುನಾಡಿನಲ್ಲಿ ಕೂತು ಕನ್ನಡ ಆಡುವ ನಾವು, ಆಫೀಸಿಗೊಂದು ಮನೆಗೊಂದು ಭಾಷೆ ಇಟ್ಟುಕೊಂಡ ನಾವು, ಆ ಮನುಷ್ಯನಿಗೆ ನಿನ್ನ ಭಾಷೆ ಯಾವುದು ಎಂದು ಕೇಳಿದೆವು. ಥೂ!

"ನೀನೇ ಯೇಳ್ಲಾ, ಇವ್ನು ಏನ್ ಕಲುಸ್ದ?" ಮಾದಪ್ಪ ನನ್ನನ್ನು ಕೇಳಿದರು.

ಮೇಷ್ಟ್ರೂ ನನ್ನ ಮುಖ ನೋಡಿದರು. ನನ್ನಪ್ಪ ಕೂಲಿಗೆ ಹೋಗುತ್ತಿದ್ದುದು ಮಾದಪ್ಪನ ಹೊಲಕ್ಕೆ. ಸುಮ್ಮನೆ ನೆಲ ನೋಡಿದೆ. ಕೋಣೆಗೆ ಬೀಗ ಬಿತ್ತು.

ಮಾತು ತಾಳವಾಡಿಗೂ ಹಬ್ಬಿ, ವಾರದೊಳಗೆ ಮೇಷ್ಟ್ರ ಅಂಗಡಿಯ ಗಿರಾಕಿಗಳೂ ಕರಗಿದರು. ಮೇಷ್ಟ್ರು ಹೊಲಿಗೆ ಮಿಷನ್ನು ಕಟ್ಟಿಕೊಂಡು ಚಾಮರಾಜನಗರದ ಬಸ್ಸಿಗೆ ನಿಂತಿದ್ದಾಗ ಹೋಗಿ, "ನಾನು ಪರೀಕ್ಷೆ ಬರಿಯಕ್ಕಿಲ್ಲ ಸಾ," ಎಂದೆ. ಅವರ ಸಿಟ್ಟು ಆಗ ನೆತ್ತಿಗೇರಿತು.

"ಬಾಯಿ ಬಿಡಬೇಕಾದಾಗ ಬಿಡ್ಲಿಲ್ಲ, ಈಗ ಪೌರುಷ ತೋರುಸ್ತೀಯಾ? ನನ್ನ ಭಾನುವಾರಗಳು ಬಿಟ್ಟಿ ಬಂದಿದ್ವಾ? ಹೋಗಿ ಬರಿ!"

ಬಸ್ಸು ಹೊರಟಿತು. ಮೇಷ್ಟ್ರು ತಿರುಗಿ ನೋಡಲಿಲ್ಲ.

ಘಾಟಿ ಇಳಿದು ಸತ್ಯಮಂಗಲದಲ್ಲಿ ಪರೀಕ್ಷೆ ಬರೆದೆ. ಎಂಟು ಜನರಲ್ಲಿ ಪಾಸಾದವನು ನಾನೊಬ್ಬನೇ. ಮಾದಪ್ಪ ಸಭೆ ಕರೆದು, ಹಾರ ತರಿಸಿ, "ನಮ್ ಸಂಘ ಕಲುಸ್ದ ಇಂದಿ," ಎಂದು ಮೈಕಿನಲ್ಲಿ ಕೂಗಿದರು. ಮೇಷ್ಟ್ರ ಹೆಸರು ಬರಲಿಲ್ಲ. ಚಪ್ಪಾಳೆ ಬಿತ್ತು.

ನಾನು ಹಾರಕ್ಕೆ ಕೊರಳು ಬಗ್ಗಿಸಿದೆ.