ಸಮ ತಪ್ಪಿದ ತಿಹಾಯಿ

ತಿಂಗಳ ಕೊನೆಯ ಶನಿವಾರ ಸಂಜೆ ಚಿಕ್ಕೋಡಿಯ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಹವ್ಯಾಸಿಗಳು ನುಡಿಸುತ್ತಾರೆ. ಹೇಳಿದ ಹೊತ್ತಿಗಿಂತ ಮೊದಲೇ ಹೋಗಿ ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಡ್ರಿಲ್ ಮಾಸ್ತರನಾಗಿ ದುಡಿದವನಿಗೆ ಬೇರೆ ರೀತಿ ಗೊತ್ತಿಲ್ಲ. ಉಳಿದವರು ಬರುವವರೆಗೆ ಜಮಖಾನದ ಅಂಚನ್ನು ಗೋಡೆಗೆ ನೇರ ಮಾಡುತ್ತಿರುತ್ತೇನೆ.

ಮುಂದೆ ಕುಳಿತವರು ತೊಡೆಯ ಮೇಲೆ ತಾಳ ಹಾಕುತ್ತಲೇ ಕೇಳುವುದು ನಮ್ಮಲ್ಲಿ ರೂಢಿ. ನುಡಿಸುವವರು ಆ ಕೈ ನೋಡಿ ತಾವೆಲ್ಲಿದ್ದೇವೆಂದು ತಿಳಿಯುತ್ತಾರೆ. ನುಡಿಸುವವ ತಪ್ಪಿದರೂ ಕೇಳುವವನ ಕೈ ತಪ್ಪಬಾರದು ಎಂದು ಹುಡುಗನಿದ್ದಾಗ ನಿಪ್ಪಾಣಿಯಲ್ಲಿ ನನಗೆ ತಾಳ ಕಲಿಸಿದವರು ಹೇಳುತ್ತಿದ್ದರು.

ಆ ಶನಿವಾರ ಹಾರ್ಮೋನಿಯಂ ಪೇಟಿಗೆ ಕುಳಿತವರು ನಮ್ಮ ಪಕ್ಕದ ಮನೆಯವರು, ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ತಬಲಾಕ್ಕೆ ಅವರ ಬೀಗರು, ರಾಯಬಾಗದವರು. ನಮ್ಮ ಗುಮಾಸ್ತರು ಸರಳವಾದ ಅಭಂಗವನ್ನು ಚೆನ್ನಾಗಿಯೇ ನುಡಿಸುತ್ತಾರೆ. ಆದರೆ ಮನಸ್ಸೆಲ್ಲ ಓಟದ ಕಷ್ಟದ ತುಣುಕುಗಳ ಮೇಲೆ. ಕೊನೆಗೆ ತಿಹಾಯಿ ಬೇಕೇ ಬೇಕು. ಒಂದೇ ತುಣುಕನ್ನು ಮೂರು ಸಲ ನುಡಿಸಿ ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮಕ್ಕೆ, ಸರಿಯಾಗಿ ಬಂದು ನಿಲ್ಲಬೇಕು. ಅವರು ಎಂದೂ ನಿಂತವರಲ್ಲ.

"ಬೀಗರ, ಈ ಸಲಾನೂ ತಿಹಾಯಿ ಕೆಡಿಸಿದ್ರ ಪೇಟಿ ಬಿಟ್ಟು ಝಾಂಜ್ ಹಿಡೀರಿ. ನಾ ನಿಮ್ಮ ಸಂಗಾಟ ಕುಂದ್ರಾಂಗಿಲ್ಲ," ಎಂದರು ತಬಲಾದವರು, ಎಲ್ಲರೆದುರು. ಝಾಂಜ್ ಎಂದರೆ ಭಜನೆಯ ಕಂಚಿನ ತಾಳ, ಅದಕ್ಕೆ ಸ್ವರದ ಗೊಡವೆಯಿಲ್ಲ.

"ಆತ್ರಿ. ಕೆಟ್ರ ಪೇಟಿ ಮುಟ್ಟೂದಿಲ್ಲ."

ಓಟ ಶುರುವಾಯಿತು. ಸ್ವರಗಳು ಬಸ್ಸಿನ ಬಾಗಿಲಲ್ಲಿ ನೂಕಾಡುವ ಜನರಂತೆ ಬಂದವು. ನನ್ನ ಕಾಲ್ಬೆರಳು ಮಡಚಿಕೊಂಡವು. ಗೋಡೆ ಗಡಿಯಾರ ನೋಡಿದೆ, ಬಾಗಿಲು ನೋಡಿದೆ. ಎದ್ದು ಹೋಗುವುದು ಸಭ್ಯತೆಯಲ್ಲ, ಕೂರುವುದು ಆಗದು. ತಿಹಾಯಿ ಒಂದು ಮಾತ್ರೆ, ಅಂದರೆ ತಾಳದ ಒಂದು ಎಣಿಕೆ, ತಡವಾಗಿ ಬಂತು. ಬೀಗರು ಕೈಯನ್ನು ಗಾಳಿಯಲ್ಲೇ ತಡೆದು, ಗುಮಾಸ್ತರು ಬರುವವರೆಗೆ ಕಾದು, ಜೊತೆಗೇ ಪೆಟ್ಟು ಹಾಕಿದರು. ಎಲ್ಲರೂ ವ್ಹಾ ವ್ಹಾ ಎಂದರು. ನನ್ನ ಕೈ ಅದಕ್ಕೂ ಮೊದಲೇ ತೊಡೆಗೆ ಬಿದ್ದಾಗಿತ್ತು.

ಗುಮಾಸ್ತರು ಅದನ್ನು ನೋಡಿದ್ದರು. "ಮಾಸ್ತರ, ನಿಮ್ಮ ಕೈ ಯಾಕ ಮೊದಲ ಬಿತ್ರಿ?"

ಸುಮ್ಮನಿರಬಹುದಿತ್ತು. ಆಗಲಿಲ್ಲ. "ಸಮ ಅಲ್ಲೇ ಇತ್ರಿ. ನಿಮ್ಮ ಬೀಗರು ನಿಂತು ನಿಮ್ಮನ್ನ ಕರ್ಕೊಂಡ್ರು."

ಬೀಗರು ತಬಲಾದ ಮೇಲೆ ಕೈ ಇಟ್ಟುಕೊಂಡು ನಕ್ಕರು. "ಮಗಳನ್ನ ಕೊಟ್ಟಾಂವ ಅದೀನಿ, ಒಂದ ಮಾತ್ರಿ ಕೊಡಾಕ ಬರೂದಿಲ್ಲೇನ್ರಿ?"

"ತಾಳದಾಗ ಹಂಗ ಕೊಡಾಕ ಬರೂದಿಲ್ಲ," ಎಂದೆ.

ಗುಮಾಸ್ತರು ನಗಲಿಲ್ಲ. "ಬೀಗರ, ಈ ಸಲ ನಿಲ್ಲಬ್ಯಾಡ್ರಿ," ಎಂದು ಮತ್ತೆ ನುಡಿಸಿದರು. ಬೀಗರು ನಿಲ್ಲಲಿಲ್ಲ. ಈ ಸಲ ತಿಹಾಯಿ ಇನ್ನೂ ಹಿಂದೆ ಬಿತ್ತು. ಗುಮಾಸ್ತರು ತಿದಿ ಮುಚ್ಚಿ, ಪೇಟಿಯನ್ನು ಪಕ್ಕಕ್ಕೆ ಸರಿಸಿ ಝಾಂಜ್ ಎತ್ತಿಕೊಂಡರು. ಯಾರೂ ಬೇಡವೆನ್ನಲಿಲ್ಲ, ನಾನೂ ಅನ್ನಲಿಲ್ಲ.

ಮಂಗಳಾರತಿಗೆ ತಬಲಾದವರನ್ನು ಬಿಟ್ಟು ಎಲ್ಲರೂ ಎದ್ದರು. ಶ್ರುತಿ ಹಿಡಿದುಕೊಡಲು ಪೇಟಿಯಿಲ್ಲದೆ ಒಬ್ಬೊಬ್ಬರು ಒಂದೊಂದು ದನಿಯಲ್ಲಿ ಹಾಡಿದರು. ಪಕ್ಕದಲ್ಲಿದ್ದವರ ದನಿಯೇ ನನ್ನ ಹಲ್ಲು ಜುಮ್ಮೆನ್ನಿಸುತ್ತಿತ್ತು. ನಡುವೆ ಬೀಗರು ಕೈ ನಿಲ್ಲಿಸಿ, ಕುಳಿತಲ್ಲಿಂದಲೇ ನನ್ನ ಕಡೆ ಬಾಗಿದರು.

"ಮಾಸ್ತರ, ನಿಮಗ ಪೇಟಿ ಬರತೈತೇನ್ರಿ?"

"ಇಲ್ರಿ."

"ಹಂಗಾದ್ರ ಇನ್ನ ಮ್ಯಾಲ ಪ್ರತಿ ತಿಂಗಳಾ ಪೇಟಿ ಇಲ್ಲದ ಹಿಂಗ ಹಾಡೂನು," ಎಂದು ಅವರು ಮತ್ತೆ ತಬಲಾ ಬಾರಿಸತೊಡಗಿದರು.